ಎಡ್ವಿನ್ ಆಲ್ಬರ್ಟ್ ಲಿಂಕ್

ಎಡ್ವಿನ್ ಆಲ್ಬರ್ಟ್ ಲಿಂಕ್ (ಜುಲೈ 26, 1904 – ಸೆಪ್ಟೆಂಬರ್ 7, 1981) ಅಮೆರಿಕ ಸಂಯುಕ್ತ ಸಂಸ್ಥಾನದ ಯಂತ್ರ ಸಂಶೋಧಕರು, ವಿಮಾನ ಚಾಲಕರು, ಉದ್ಯಮಿ ಹಾಗೂ ಸಮುದ್ರಾನ್ವೇಷಕರು. ನೆಲದ ಮೇಲೆಯೇ ಕುಳಿತು ವಿಮಾನ ಹಾರಿಸುವ ಅಭ್ಯಾಸ ಮಾಡಲು ಅನುವು ಮಾಡಿಕೊಟ್ಟ ಲಿಂಕ್ ಟ್ರೈನರ್ ಎಂಬ ಯಂತ್ರವನ್ನು ಇವರು 1920ರ ದಶಕದ ಕೊನೆಯಲ್ಲಿ ನಿರ್ಮಿಸಿದರು. ಹೊರಗಿನ ನೋಟವೇ ಇಲ್ಲದಿರುವಾಗ ಕೇವಲ ಉಪಕರಣಗಳನ್ನು ನೋಡಿ ವಿಮಾನ ನಡೆಸುವ ವಿದ್ಯೆಯನ್ನು ಕಲಿಸಲು ಮತ್ತು ಕಲಿತವರಲ್ಲಿ ಅದನ್ನು ಉಳಿಸಲು ಈ ಯಂತ್ರ ನೆರವಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಮಿತ್ರರಾಷ್ಟ್ರಗಳ 5 ಲಕ್ಷಕ್ಕೂ ಹೆಚ್ಚು ವಾಯುಪಡೆ ಸಿಬ್ಬಂದಿ ಇದರಲ್ಲಿ ತರಬೇತಿ ಪಡೆದರು. ಇಂದಿನ ಹಾರಾಟ ಸಿಮ್ಯುಲೇಟರ್‌ಗಳ ಮೂಲಪುರುಷರೆಂದು ಲಿಂಕ್ ಅವರನ್ನು ಪರಿಗಣಿಸಲಾಗುತ್ತದೆ. ಜೀವನದ ಉತ್ತರಾರ್ಧದಲ್ಲಿ ಅವರು ಆಳಸಮುದ್ರದಲ್ಲಿ ಮನುಷ್ಯ ವಾಸಿಸಿ ಕೆಲಸ ಮಾಡುವ ಸಾಧ್ಯತೆಗಳ ಸಂಶೋಧನೆಯಲ್ಲಿ ತೊಡಗಿದ್ದರು.

ಬಾಲ್ಯ ಮತ್ತು ಕುಟುಂಬ

ಲಿಂಕ್ ಅವರು 1904ರ ಜುಲೈ 26ರಂದು ಇಂಡಿಯಾನಾ ರಾಜ್ಯದ ಹಂಟಿಂಗ್ಟನ್‌ನಲ್ಲಿ ಜನಿಸಿದರು. ತಂದೆಯ ಹೆಸರೂ ಎಡ್ವಿನ್ ಲಿಂಕ್ ಎಂದೇ ಇತ್ತು. 1910ರಲ್ಲಿ ಕುಟುಂಬವು ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಂಟನ್ ನಗರಕ್ಕೆ ನೆಲೆ ಬದಲಿಸಿತು. ಅಲ್ಲಿ ದಿವಾಳಿಯಾಗಿದ್ದ ವಾದ್ಯ ತಯಾರಿಕಾ ಸಂಸ್ಥೆಯೊಂದನ್ನು ತಂದೆ ಕೊಂಡುಕೊಂಡು, ಅದನ್ನು ಲಿಂಕ್ ಪಿಯಾನೋ ಸಂಸ್ಥೆಯಾಗಿ ಬೆಳೆಸಿದರು. ತಾನಾಗಿಯೇ ನುಡಿಯುವ ಪಿಯಾನೋಗಳು ಹಾಗೂ ಚಿತ್ರಮಂದಿರಗಳಲ್ಲಿ ಮೂಕಚಿತ್ರಗಳ ಜೊತೆಗೆ ನುಡಿಸುತ್ತಿದ್ದ ಆರ್ಗನ್ ವಾದ್ಯಗಳು ಇಲ್ಲಿ ತಯಾರಾಗುತ್ತಿದ್ದವು.

ಈ ವಾದ್ಯಗಳು ಗಾಳಿಯ ಒತ್ತಡದ ವ್ಯತ್ಯಾಸದಿಂದ ಕೆಲಸ ಮಾಡುತ್ತಿದ್ದವು. ತೂತುಗಳಿದ್ದ ಕಾಗದದ ಸುರುಳಿಯೊಂದು ನಿಧಾನವಾಗಿ ಸರಿಯುತ್ತಿದ್ದಂತೆ ಆಯಾ ತೂತಿನ ಮೂಲಕ ಗಾಳಿ ನುಗ್ಗಿ, ಕವಾಟ ತೆರೆದು, ಚಿಕ್ಕ ತಿದಿಯೊಂದನ್ನು ಕುಗ್ಗಿಸಿ ಸ್ವರ ಹೊರಡಿಸುತ್ತಿತ್ತು. ತಿದಿ, ಕವಾಟ, ಗಾಳಿಕೊಳವೆ ಮತ್ತು ನಿರ್ವಾತ ಪಂಪುಗಳ ನಡುವೆಯೇ ಬೆಳೆದ ಲಿಂಕ್ ಅವರಿಗೆ ಶಾಲಾ ಓದಿಗಿಂತ ಕಾರ್ಖಾನೆಯ ಕೆಲಸ ಹೆಚ್ಚು ಹಿಡಿಸಿತು. ವಾದ್ಯಗಳನ್ನು ಕಟ್ಟುವುದನ್ನೂ ಕೆಟ್ಟ ವಾದ್ಯಗಳನ್ನು ದುರಸ್ತಿ ಮಾಡುವುದನ್ನೂ ಅವರು ಅಲ್ಲಿ ಕಲಿತರು. ಮುಂದೆ ಅವರ ಪ್ರಮುಖ ಆವಿಷ್ಕಾರಕ್ಕೆ ಆಧಾರವಾದದ್ದು ಈ ಕೈಕೆಲಸದ ಅನುಭವವೇ.

ಹಾರಾಟದ ಕಲಿಕೆ

1920ರಲ್ಲಿ, ತಮ್ಮ 16ನೆಯ ವಯಸ್ಸಿನಲ್ಲಿ, ಲಿಂಕ್ ಕ್ಯಾಲಿಫೋರ್ನಿಯಾದಲ್ಲಿ ಮೊದಲ ಹಾರಾಟ ಪಾಠ ಪಡೆದರು. ನಟ ಚಾರ್ಲಿ ಚಾಪ್ಲಿನ್ ಅವರ ಅಣ್ಣ ಸಿಡ್ನಿ ಚಾಪ್ಲಿನ್ ನಡೆಸುತ್ತಿದ್ದ ವಿಮಾನ ಸಂಸ್ಥೆಯಲ್ಲಿ ಈ ಪಾಠ ನಡೆಯಿತು. ಅದಕ್ಕೆ ಅವರು ತೆತ್ತ ಶುಲ್ಕ 50 ಡಾಲರ್. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಪಾಠದ ಅವಧಿಯುದ್ದಕ್ಕೂ ಬೋಧಕರು ವಿಮಾನವನ್ನು ಆಕಾಶದಲ್ಲಿ ಲಾಗ ಹೊಡೆಸಿ, ಸುತ್ತಿಸಿ ಇಳಿಸಿದರೇ ಹೊರತು ಶಿಷ್ಯನಿಗೆ ನಿಯಂತ್ರಣ ದಂಡವನ್ನು ಮುಟ್ಟಲು ಬಿಡಲಿಲ್ಲ ಎಂದು ಲಿಂಕ್ ನಂತರದ ವರ್ಷಗಳಲ್ಲಿ ನೆನೆಯುತ್ತಿದ್ದರು. ಹಾರುವ ವಿದ್ಯೆಯನ್ನು ಕಲಿಸುವ ಕ್ರಮ ಇದಲ್ಲ ಎಂಬ ಭಾವನೆ ಅವರಲ್ಲಿ ಅಂದೇ ಮೂಡಿತು.

ಬಿಂಗ್‌ಹ್ಯಾಂಟನ್‌ಗೆ ಮರಳಿದ ಮೇಲೂ ಅವರು ಬಿಡುವಿನ ವೇಳೆಯಲ್ಲಿ ಕಲಿಕೆ ಮುಂದುವರಿಸಿ ವಿಮಾನ ಚಾಲಕರಾದರು. 1920ರ ದಶಕದ ಕೊನೆಯಲ್ಲಿ, ಸೆಸ್ನಾ ಸಂಸ್ಥೆ ಮಾರಾಟ ಮಾಡಿದ ಮೊದಲ ವಿಮಾನಗಳಲ್ಲಿ ಒಂದನ್ನು ಕೊಂಡರು. ಊರೂರಿಗೆ ಹೋಗಿ ಜನರನ್ನು ವಿಮಾನದಲ್ಲಿ ಸುತ್ತಾಡಿಸುವುದು, ಬಾಡಿಗೆ ಹಾರಾಟ, ಹಾರಾಟ ಬೋಧನೆ ಇವು ಅವರ ಜೀವನೋಪಾಯವಾದವು. ವಿಮಾನದ ರೆಕ್ಕೆಯ ಅಡಿಯಲ್ಲಿ ವಿದ್ಯುದ್ದೀಪಗಳ ಫಲಕ ಕಟ್ಟಿ, ಪಿಯಾನೋದ ಕಾಗದದ ಸುರುಳಿಯ ತಂತ್ರದಿಂದಲೇ ಅಕ್ಷರಗಳನ್ನು ಬೆಳಗಿಸಿ, ರಾತ್ರಿಯ ಆಕಾಶದಲ್ಲಿ ಜಾಹೀರಾತು ತೋರಿಸುವ ಕೆಲಸವನ್ನೂ ಅವರು ಮಾಡಿದರು.

ಕುರುಡು ಹಾರಾಟದ ಸಮಸ್ಯೆ

ಲಿಂಕ್ ಅವರ ಕೆಲಸದ ಮಹತ್ವ ತಿಳಿಯಲು ಅಂದಿನ ವಿಮಾನಯಾನದ ಒಂದು ಮೂಲಭೂತ ತೊಡಕನ್ನು ಅರಿಯುವುದು ಅಗತ್ಯ. ಮೋಡ ಅಥವಾ ಮಂಜಿನೊಳಗೆ ಹೊಕ್ಕ ಚಾಲಕನಿಗೆ ಕ್ಷಿತಿಜ ಕಾಣುವುದಿಲ್ಲ. ಆಗ ದೇಹದ ಸಮತೋಲನವನ್ನು ತಿಳಿಸುವ ಒಳಕಿವಿಯ ಸಂವೇದನೆಯೇ ಅವನನ್ನು ದಾರಿ ತಪ್ಪಿಸುತ್ತದೆ. ಒಳಕಿವಿಯ ಅರ್ಧವೃತ್ತಾಕಾರದ ನಾಳಗಳಲ್ಲಿ ದ್ರವವಿರುತ್ತದೆ. ವಿಮಾನ ತಿರುಗಲು ತೊಡಗಿದಾಗ ಈ ದ್ರವ ಹಿಂದುಳಿಯುವುದರಿಂದ ತಿರುವಿನ ಅರಿವು ಉಂಟಾಗುತ್ತದೆ. ಒಂದೇ ವೇಗದಲ್ಲಿ ತಿರುವು ಮುಂದುವರಿದರೆ ಕೆಲವೇ ಕ್ಷಣಗಳಲ್ಲಿ ದ್ರವವೂ ನಾಳದ ಜೊತೆಗೇ ಚಲಿಸತೊಡಗಿ ಆ ಅರಿವು ಅಳಿಯುತ್ತದೆ. ವಿಮಾನ ನೇರವಾಗಿ ಸಾಗುತ್ತಿದೆಯೆಂದು ಚಾಲಕ ನಂಬುತ್ತಾನೆ. ಅದನ್ನು ನಿಜವಾಗಿ ನೇರಗೊಳಿಸಿದಾಗ ವಿರುದ್ಧ ದಿಕ್ಕಿಗೆ ತಿರುಗಿದಂತೆ ಭಾಸವಾಗುತ್ತದೆ. ಈ ಭಾಸವನ್ನು ನಂಬಿ ಅವನು ಮತ್ತೆ ಹಳೆಯ ತಿರುವಿಗೇ ವಿಮಾನವನ್ನು ವಾಲಿಸುತ್ತಾನೆ. ಎತ್ತರ ಕಡಿಮೆಯಾಗುವುದನ್ನು ಕಂಡು ದಂಡವನ್ನು ಹಿಂದಕ್ಕೆಳೆದರೆ ತಿರುವು ಇನ್ನಷ್ಟು ಬಿಗಿಯಾಗಿ, ವಿಮಾನ ಸುರುಳಿಯಾಗಿ ನೆಲದತ್ತ ಧಾವಿಸುತ್ತದೆ.

ಈ ಅಪಾಯ ಎಷ್ಟು ಶೀಘ್ರವಾಗಿ ಒದಗುತ್ತದೆ ಎಂಬುದನ್ನು 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ನಡೆದ ಅಧ್ಯಯನವೊಂದು ತೋರಿಸಿತು. ಉಪಕರಣ ಹಾರಾಟದ ತರಬೇತಿ ಇಲ್ಲದ 20 ಮಂದಿಯನ್ನು ಕೃತಕವಾಗಿ ಹೊರನೋಟವಿಲ್ಲದ ಸ್ಥಿತಿಗೆ ಒಳಪಡಿಸಿದಾಗ ಅವರೆಲ್ಲರೂ ವಿಮಾನದ ಹತೋಟಿ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಕಾಲ 178 ಸೆಕೆಂಡು, ಅಂದರೆ ಮೂರು ನಿಮಿಷಕ್ಕೂ ಕಡಿಮೆ.

ಇದಕ್ಕೆ ಪರಿಹಾರವಾದ ಉಪಕರಣಗಳು 1920ರ ದಶಕದಲ್ಲಿ ಒಂದೊಂದಾಗಿ ಸಿದ್ಧವಾಗುತ್ತಿದ್ದವು. ಗೈರೋಸ್ಕೋಪ್ ಆಧಾರಿತ ತಿರುವು ಸೂಚಕ, ದಿಕ್ಸೂಚಕ ಮತ್ತು ಕೃತಕ ಕ್ಷಿತಿಜಗಳ ಬೆಳವಣಿಗೆಯಲ್ಲಿ ಸ್ಪೆರಿ ಸಂಸ್ಥೆ ಮುಂಚೂಣಿಯಲ್ಲಿತ್ತು. ಸೇನಾ ಚಾಲಕ ವಿಲಿಯಂ ಆಕರ್ ಅವರು ದೇಹದ ಸಂವೇದನೆಯನ್ನು ನಂಬಬಾರದೆಂದು ಪ್ರಯೋಗಗಳ ಮೂಲಕ ತೋರಿಸಿಕೊಟ್ಟರು. 1929ರ ಸೆಪ್ಟೆಂಬರ್ 24ರಂದು ಜೇಮ್ಸ್ ಡೂಲಿಟಲ್ ಅವರು ನ್ಯೂಯಾರ್ಕ್ ರಾಜ್ಯದ ಮಿಚೆಲ್ ಫೀಲ್ಡ್‌ನಲ್ಲಿ ಮುಸುಕಿನಡಿ ಕುಳಿತು, ಉಪಕರಣಗಳನ್ನಷ್ಟೇ ನೋಡಿ ವಿಮಾನವನ್ನು ಮೇಲೇರಿಸಿ, ಸುತ್ತಿಸಿ, ಇಳಿಸಿದರು. ಮುಂದಿನ ಆಸನದಲ್ಲಿ ಸುರಕ್ಷತೆಗಾಗಿ ಬೆಂಜಮಿನ್ ಕೆಲ್ಸಿ ಎಂಬ ಇನ್ನೊಬ್ಬ ಚಾಲಕರಿದ್ದರು. ಹೀಗೆ ಕುರುಡು ಹಾರಾಟ ಸಾಧ್ಯವೆಂಬುದು ಸಿದ್ಧವಾಯಿತು. ಆದರೆ ತಮ್ಮ ದೇಹದ ಮಾತನ್ನು ತಳ್ಳಿ ಮುಳ್ಳುಗಳ ಮಾತನ್ನು ನಂಬುವಂತೆ ಸಾವಿರಾರು ಸಾಮಾನ್ಯ ಚಾಲಕರನ್ನು ತರಬೇತುಗೊಳಿಸುವ ಅಗ್ಗದ, ಅಪಾಯವಿಲ್ಲದ ದಾರಿ ಇನ್ನೂ ಇರಲಿಲ್ಲ.

ಲಿಂಕ್ ಟ್ರೈನರ್

ಸುಮಾರು 1927ರಿಂದ 1929ರವರೆಗೆ ಲಿಂಕ್ ಅವರು ತಂದೆಯ ಕಾರ್ಖಾನೆಯ ನೆಲಮಾಳಿಗೆಯಲ್ಲಿ ತಮ್ಮ ಯಂತ್ರವನ್ನು ಕಟ್ಟಿದರು. ನಂತರ ಪೇಟೆಂಟ್‌ಗೆ ಅರ್ಜಿ ಸಲ್ಲಿಸಿದರು. 1931ರ ಸೆಪ್ಟೆಂಬರ್‌ನಲ್ಲಿ ಅದು ದೊರೆಯಿತು. ವಿದ್ಯಾರ್ಥಿ ಚಾಲಕರ ತರಬೇತಿ ಮತ್ತು ಮನರಂಜನೆ ಎರಡಕ್ಕೂ ಒದಗುವ ಸಾಧನವೆಂದು ಪೇಟೆಂಟ್‌ನಲ್ಲಿ ಅದನ್ನು ವಿವರಿಸಲಾಗಿತ್ತು.

ಯಂತ್ರದ ಮುಖ್ಯ ಭಾಗ ಮೋಟು ರೆಕ್ಕೆ ಮತ್ತು ಬಾಲವಿದ್ದ ಪುಟ್ಟ ಮರದ ವಿಮಾನ. ಎಲ್ಲ ದಿಕ್ಕಿಗೂ ಬಾಗಬಲ್ಲ ಕೀಲಿನ ಮೇಲೆ ಅದನ್ನು ಪೀಠಕ್ಕೆ ಜೋಡಿಸಲಾಗಿತ್ತು. ಕೆಳಗಿದ್ದ ನಾಲ್ಕು ತಿದಿಗಳು ಮೂತಿಯನ್ನು ಮೇಲೆ ಕೆಳಗೆ ಮಾಡುತ್ತಿದ್ದವು, ಎಡಬಲಕ್ಕೆ ವಾಲಿಸುತ್ತಿದ್ದವು. ನಿಯಂತ್ರಣ ದಂಡ ಮತ್ತು ಕಾಲುಪಟ್ಟಿಗಳಿಗೆ ಕವಾಟಗಳನ್ನು ಜೋಡಿಸಲಾಗಿತ್ತು. ವಿದ್ಯುತ್ತಿನಿಂದ ನಡೆಯುವ ಪಂಪು ತಿದಿಗಳಿಂದ ಗಾಳಿ ಹೀರುತ್ತಿದ್ದಂತೆ, ಚಾಲಕನ ಕೈಕಾಲುಗಳ ಚಲನೆಗೆ ತಕ್ಕಂತೆ ಪೆಟ್ಟಿಗೆ ಬಾಗುತ್ತಿತ್ತು. ತಿದಿಗಳಿಂದಲೇ ನಡೆಯುವ ಮತ್ತೊಂದು ಮೋಟರ್ ಅದನ್ನು ಪೀಠದ ಮೇಲೆ ಪೂರ್ತಿ ಸುತ್ತಿಸುತ್ತಿತ್ತು. ಆರ್ಗನ್ ಮತ್ತು ಪಿಯಾನೋಗಳನ್ನು ನುಡಿಸುತ್ತಿದ್ದ ತಂತ್ರವೇ ಇಲ್ಲಿ ಹಾರಾಟದ ಅನುಭವ ನೀಡುವ ತಂತ್ರವಾಗಿ ಮಾರ್ಪಟ್ಟಿತ್ತು.

ಆರಂಭದಲ್ಲಿ ಯಂತ್ರಕ್ಕೆ ದೊರೆತ ಸ್ವಾಗತ ನಿರಾಶಾದಾಯಕವಾಗಿತ್ತು. ಹಾರಾಟ ಶಾಲೆಗಳೂ ಸೇನೆಯೂ ಅದನ್ನು ಆಟಿಕೆಯೆಂದು ಬಗೆದವು. ಮನರಂಜನಾ ಉದ್ಯಾನಗಳು ಮಾತ್ರ ಕೆಲವನ್ನು ಕೊಂಡವು. ನಾಣ್ಯ ಹಾಕಿ ಕುಳಿತುಕೊಳ್ಳುವ ಆಟದ ಸಾಧನವಾಗಿ ಅದು ಜಾತ್ರೆಗಳಲ್ಲಿ ಕಾಣಿಸಿಕೊಂಡಿತು. 1930ರಲ್ಲಿ ಲಿಂಕ್ ತಮ್ಮದೇ ಹಾರಾಟ ಶಾಲೆ ತೆರೆದು, ಮೊದಲು ಯಂತ್ರದಲ್ಲಿ, ನಂತರ ವಿಮಾನದಲ್ಲಿ ಕಲಿಸುವ ಕ್ರಮವನ್ನು ಜಾರಿಗೆ ತಂದರು. ಆರ್ಥಿಕ ಮಹಾಕುಸಿತದ ಆ ದಿನಗಳಲ್ಲಿ ಶಾಲೆ ಹೆಚ್ಚು ಕಾಲ ನಡೆಯಲಿಲ್ಲ.

1931ರಲ್ಲಿ ಅವರು ಪತ್ರಕರ್ತೆ ಮೇರಿಯನ್ ಕ್ಲೇಟನ್ ಅವರನ್ನು ವಿವಾಹವಾದರು. ಮೇರಿಯನ್ ಅವರು ಸಂಸ್ಥೆಯ ಕಚೇರಿ ಕೆಲಸವನ್ನು ವಹಿಸಿಕೊಂಡರು. ನಂತರದ ಸಮುದ್ರಯಾನಗಳಲ್ಲಿಯೂ ಪತಿಯ ಜೊತೆಗಿದ್ದು ಆ ಕುರಿತು ಪುಸ್ತಕಗಳನ್ನು ಬರೆದರು. ದಂಪತಿಗೆ ವಿಲಿಯಂ ಮತ್ತು ಕ್ಲೇಟನ್ ಎಂಬ ಇಬ್ಬರು ಗಂಡುಮಕ್ಕಳು.

ಉಪಕರಣ ಹಾರಾಟಕ್ಕೆ ಹೊಂದಾಣಿಕೆ

ಯಂತ್ರದ ನಿಜವಾದ ಉಪಯೋಗ ಸಾಮಾನ್ಯ ಹಾರಾಟ ಕಲಿಸುವುದರಲ್ಲಿಲ್ಲ, ಉಪಕರಣ ಹಾರಾಟ ಕಲಿಸುವುದರಲ್ಲಿದೆ ಎಂಬುದನ್ನು ಲಿಂಕ್ ಬೇಗನೆ ಕಂಡುಕೊಂಡರು. ಅವರು ಚಾಲಕನ ಆಸನದ ಮೇಲೆ ಮುಚ್ಚಳ ಹಾಕಿದರು. ಒಳಗೆ ವೇಗಸೂಚಕ, ಎತ್ತರಸೂಚಕ, ತಿರುವು ಸೂಚಕ, ದಿಕ್ಸೂಚಿ ಮೊದಲಾದ ಉಪಕರಣಗಳು ನಿಜವಾದ ವಿಮಾನದಲ್ಲಿರುವಂತೆಯೇ ಚಾಲಕನ ಕ್ರಿಯೆಗಳಿಗೆ ಸ್ಪಂದಿಸುತ್ತಿದ್ದವು.

ಹೊರಗೆ ಮೇಜಿನ ಬಳಿ ಬೋಧಕ ಕುಳಿತಿರುತ್ತಿದ್ದರು. ಮೇಜಿನ ಮೇಲೆ ನಕ್ಷೆಯನ್ನು ಹರಡಿ, ಮೂರು ಪುಟ್ಟ ಗಾಲಿಗಳ ಮೇಲೆ ಚಲಿಸುವ ಒಂದು ಸಾಧನವನ್ನು ಅದರ ಮೇಲಿಡಲಾಗುತ್ತಿತ್ತು. ಏಡಿ ಎಂದು ಕರೆಯಲಾಗುತ್ತಿದ್ದ ಈ ಸಾಧನ, ಒಳಗಿರುವ ಚಾಲಕನ ಹಾರಾಟದ ದಾರಿಯನ್ನು ಶಾಯಿಯ ಗೆರೆಯಾಗಿ ನಕ್ಷೆಯ ಮೇಲೆ ಬರೆಯುತ್ತ ಸಾಗುತ್ತಿತ್ತು. ಅಂದಿನ ರೇಡಿಯೋ ಪಥಗಳ ಸಂಕೇತಗಳನ್ನು ಬೋಧಕರು ಚಾಲಕನ ಕಿವಿಗೆ ಕೇಳಿಸುತ್ತಿದ್ದರು. ಪಥದ ಒಂದು ಬದಿಗೆ ಸರಿದರೆ ಮೋರ್ಸ್ ಸಂಕೇತದ ಒಂದು ಅಕ್ಷರ, ಇನ್ನೊಂದು ಬದಿಗೆ ಸರಿದರೆ ಬೇರೊಂದು ಅಕ್ಷರ, ಸರಿಯಾದ ಪಥದ ಮೇಲಿದ್ದರೆ ಎರಡೂ ಬೆರೆತು ಅಖಂಡವಾದ ನಾದ ಕೇಳುತ್ತಿತ್ತು. ಪಾಠ ಮುಗಿದ ಮೇಲೆ ಮುಚ್ಚಳ ತೆರೆದು ಹೊರಬಂದ ಚಾಲಕ, ತಾನು ಸಾಗಿದೆನೆಂದು ತಿಳಿದ ದಾರಿಗೂ ನಕ್ಷೆಯ ಮೇಲಿನ ಗೆರೆಗೂ ಇರುವ ಅಂತರವನ್ನು ಕಣ್ಣಾರೆ ನೋಡಬಹುದಿತ್ತು. ಆಕಾಶದಲ್ಲಿ ಪ್ರಾಣಕ್ಕೆ ಎರವಾಗುವ ತಪ್ಪು ಇಲ್ಲಿ ಕಾಗದದ ಮೇಲಿನ ಒಂದು ಗೆರೆಯಾಗಿ ಉಳಿಯುತ್ತಿತ್ತು. ಅದನ್ನು ಚರ್ಚಿಸಿ, ಅದೇ ಹಾರಾಟವನ್ನು ಮತ್ತೆ ಮಾಡಬಹುದಿತ್ತು.

1934ರ ವಾಯು ಅಂಚೆ ಬಿಕ್ಕಟ್ಟು

ಲಿಂಕ್ ಅವರ ಯಂತ್ರಕ್ಕೆ ಮನ್ನಣೆ ದೊರೆತದ್ದು ಒಂದು ದುರಂತದ ಹಿನ್ನೆಲೆಯಲ್ಲಿ. ವಾಯು ಅಂಚೆ ಗುತ್ತಿಗೆಗಳಲ್ಲಿ ಅಕ್ರಮ ನಡೆದಿದೆಯೆಂಬ ಆರೋಪದ ಮೇಲೆ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು 1934ರ ಫೆಬ್ರವರಿಯಲ್ಲಿ ಖಾಸಗಿ ವಿಮಾನ ಸಂಸ್ಥೆಗಳ ಗುತ್ತಿಗೆಗಳನ್ನು ರದ್ದುಪಡಿಸಿ, ಅಂಚೆ ಸಾಗಿಸುವ ಹೊಣೆಯನ್ನು ಸೇನೆಯ ವಾಯುದಳಕ್ಕೆ ವಹಿಸಿದರು. ಫೆಬ್ರವರಿ 19ರಂದು ಈ ಸೇವೆ ಆರಂಭವಾಯಿತು. ಅದು ಕಠಿಣ ಚಳಿಗಾಲ. ಸೇನೆಯ ಚಾಲಕರು ಬಹುಮಟ್ಟಿಗೆ ಹಗಲಿನಲ್ಲಿ, ತಿಳಿಯಾದ ಹವೆಯಲ್ಲಿ ಹಾರಿ ಅಭ್ಯಾಸವಿದ್ದವರು. ಹಲವು ವಿಮಾನಗಳಿಗೆ ತೆರೆದ ಆಸನಗಳಿದ್ದವು. ಉಪಕರಣಗಳನ್ನು ಅಳವಡಿಸಿದ ಕಡೆಯೂ ಅವುಗಳನ್ನು ನಂಬಿ ಹಾರುವ ರೂಢಿ ಚಾಲಕರಿಗಿರಲಿಲ್ಲ. ಹಿಮ, ಮಂಜು ಮತ್ತು ಕತ್ತಲಿನಲ್ಲಿ ಒಂದರ ಹಿಂದೆ ಒಂದು ಅಪಘಾತಗಳು ಸಂಭವಿಸಿ, ಕೆಲವೇ ವಾರಗಳಲ್ಲಿ ಹತ್ತಕ್ಕೂ ಹೆಚ್ಚು ಮಂದಿ ಸೇನಾ ವೈಮಾನಿಕರು ಮೃತಪಟ್ಟರು. ದೇಶದಾದ್ಯಂತ ತೀವ್ರ ಟೀಕೆ ವ್ಯಕ್ತವಾಯಿತು.

ಈ ಸಂದರ್ಭದಲ್ಲಿ ತಮ್ಮ ಯಂತ್ರದ ಬಗ್ಗೆ ವಿವರಿಸಲು ಲಿಂಕ್ ಅವರಿಗೆ ನ್ಯೂಜೆರ್ಸಿಯ ನ್ಯೂವಾರ್ಕ್ ವಿಮಾನ ನಿಲ್ದಾಣದಲ್ಲಿ ಸೇನಾಧಿಕಾರಿಗಳನ್ನು ಭೇಟಿಯಾಗುವ ಅವಕಾಶ ದೊರೆಯಿತು. ಅಂದು ಹವೆ ತೀರಾ ಕೆಟ್ಟಿತ್ತು. ಮಂಜಿನಲ್ಲಿ ಯಾರೂ ಹಾರಿ ಬರಲಾರರೆಂದು ತಿಳಿದು ಅಧಿಕಾರಿಗಳು ಹೊರಡಲು ಅನುವಾಗಿದ್ದರು. ಅಷ್ಟರಲ್ಲಿ ಲಿಂಕ್ ಅವರು ಉಪಕರಣಗಳ ಆಧಾರದಿಂದಲೇ ಬಿಂಗ್‌ಹ್ಯಾಂಟನ್‌ನಿಂದ ಹಾರಿ ಬಂದು ಇಳಿದರು. ಯಂತ್ರದಿಂದ ಕಲಿಯಬಹುದಾದ ವಿದ್ಯೆ ಏನೆಂಬುದಕ್ಕೆ ಬೇರೆ ಸಾಕ್ಷ್ಯ ಬೇಕಾಗಲಿಲ್ಲ. ಸೇನೆಯು ತಲಾ ಸುಮಾರು 3,500 ಡಾಲರ್ ಬೆಲೆಗೆ ಆರು ಯಂತ್ರಗಳನ್ನು ಖರೀದಿಸಲು ಒಪ್ಪಿತು. ಅದೇ ವರ್ಷದ ಜೂನ್‌ನಲ್ಲಿ ಅವು ಸೇನೆಯ ಕೈಸೇರಿದವು.

ಇದಾದ ಬಳಿಕ ಬೇಡಿಕೆ ವೇಗವಾಗಿ ಬೆಳೆಯಿತು. ವಿಮಾನ ಸಂಸ್ಥೆಗಳೂ ಜಪಾನ್, ಬ್ರಿಟನ್ ಸೇರಿದಂತೆ ಹಲವು ದೇಶಗಳೂ ಯಂತ್ರಗಳನ್ನು ಕೊಂಡವು. ಕೆಲವೇ ವರ್ಷಗಳಲ್ಲಿ ಯುದ್ಧದ ಎರಡೂ ಪಾಳೆಯಗಳಲ್ಲಿ ನಿಲ್ಲಲಿದ್ದ ದೇಶಗಳು ಒಂದೇ ಯಂತ್ರದಲ್ಲಿ ತಮ್ಮ ಚಾಲಕರಿಗೆ ತರಬೇತಿ ನೀಡುತ್ತಿದ್ದವು.

ಎರಡನೇ ಮಹಾಯುದ್ಧ

ಯುದ್ಧಕಾಲದಲ್ಲಿ ಬಿಂಗ್‌ಹ್ಯಾಂಟನ್‌ನ ಕಾರ್ಖಾನೆ ಹಾಗೂ ಕೆನಡಾದ ಗನನೋಕ್ವೇ ಪಟ್ಟಣದಲ್ಲಿ ತೆರೆದ ಕಾರ್ಖಾನೆಗಳು ಬಿಡುವಿಲ್ಲದೆ ದುಡಿದವು. ಒಟ್ಟು ಸುಮಾರು 10,000 ಯಂತ್ರಗಳು ತಯಾರಾದವು. ನೀಲಿ ಬಣ್ಣದ ಒಡಲಿನಿಂದಾಗಿ ತರಬೇತಿ ಪಡೆಯುವವರು ಇದನ್ನು ನೀಲಿ ಪೆಟ್ಟಿಗೆ ಎಂದು ಕರೆಯುತ್ತಿದ್ದರು. ಬಿಸಿಲಿನಲ್ಲಿ ಮುಚ್ಚಳ ಹಾಕಿದ ಪೆಟ್ಟಿಗೆಯೊಳಗೆ ಗಂಟೆಗಟ್ಟಲೆ ಬೆವರುತ್ತ ಕುಳಿತ ಅನುಭವ ಒಂದು ಇಡೀ ಪೀಳಿಗೆಯ ವೈಮಾನಿಕರಿಗೆ ಸಾಮಾನ್ಯವಾಗಿತ್ತು. ಹೊಸಬರಿಗೆ ಕಲಿಸುವುದಕ್ಕಷ್ಟೇ ಅಲ್ಲದೆ, ಈಗಾಗಲೇ ಅರ್ಹತೆ ಪಡೆದವರು ಅಭ್ಯಾಸ ತಪ್ಪದಂತೆ ನೋಡಿಕೊಳ್ಳುವುದಕ್ಕೂ ಯಂತ್ರಗಳು ಬಳಕೆಯಾದವು. ಇಂಧನವಾಗಲಿ, ಒಳ್ಳೆಯ ಹವೆಯಾಗಲಿ, ವಿಮಾನವಾಗಲಿ ಬೇಕಿರಲಿಲ್ಲ.

ಇದೇ ಕಾಲದಲ್ಲಿ ಲಿಂಕ್ ಅವರು ನೌಕಾಯಾನ ತಜ್ಞ ಫಿಲಿಪ್ ವೀಮ್ಸ್ ಅವರೊಂದಿಗೆ ಸೇರಿ ನಕ್ಷತ್ರಗಳ ನೆರವಿನಿಂದ ದಾರಿ ಗುರುತಿಸುವುದನ್ನು ಕಲಿಸುವ ಮತ್ತೊಂದು ಯಂತ್ರವನ್ನು ರೂಪಿಸಿದರು. ಕಣಜದಂತಹ ಎತ್ತರದ ಕಟ್ಟಡದೊಳಗೆ ಬಾಂಬರ್ ವಿಮಾನದ ಇಡೀ ತಂಡ ಕುಳಿತುಕೊಳ್ಳುತ್ತಿತ್ತು. ಮೇಲಿನ ಗುಮ್ಮಟದಲ್ಲಿ ಬೆಳಕಿನ ಚುಕ್ಕೆಗಳಾಗಿ ಮೂಡುತ್ತಿದ್ದ ನಕ್ಷತ್ರಗಳು, ಹಾರಾಟದ ಕಾಲ ಮತ್ತು ಸ್ಥಳಕ್ಕೆ ತಕ್ಕಂತೆ ಸರಿಯುತ್ತಿದ್ದವು. ಅಟ್ಲಾಂಟಿಕ್ ಸಾಗರವನ್ನು ದಾಟಬೇಕಾಗಿದ್ದ ಮತ್ತು ರಾತ್ರಿ ದಾಳಿಗೆ ತೆರಳಬೇಕಾಗಿದ್ದ ತಂಡಗಳಿಗೆ ಇದು ಉಪಯುಕ್ತವಾಯಿತು.

ಯುದ್ಧಾನಂತರ ವಿದ್ಯುನ್ಮಾನ ತಂತ್ರಜ್ಞಾನ ತಿದಿಗಳ ಜಾಗವನ್ನು ಆಕ್ರಮಿಸಿತು. 1950ರ ದಶಕದ ಮಧ್ಯಭಾಗದಲ್ಲಿ ಲಿಂಕ್ ಸಂಸ್ಥೆ ಜನರಲ್ ಪ್ರಿಸಿಷನ್ ಎಂಬ ದೊಡ್ಡ ಸಂಸ್ಥೆಯ ಭಾಗವಾಯಿತು. ಚಂದ್ರಯಾನಕ್ಕೆ ತೆರಳಿದ ಅಪೊಲೊ ಗಗನಯಾತ್ರಿಗಳು ಅಭ್ಯಾಸ ಮಾಡಿದ ಸಿಮ್ಯುಲೇಟರ್‌ಗಳನ್ನು ತಯಾರಿಸಿದ್ದೂ ಲಿಂಕ್ ಹೆಸರಿನ ಈ ವಿಭಾಗವೇ. 1953ರಲ್ಲಿ ಲಿಂಕ್ ದಂಪತಿ ಸ್ಥಾಪಿಸಿದ ಲಿಂಕ್ ಪ್ರತಿಷ್ಠಾನ ಸಂಶೋಧನೆ ಮತ್ತು ಶಿಕ್ಷಣಕ್ಕೆ ನೆರವು ನೀಡುತ್ತ ಬಂದಿದೆ.

ಕೌಶಲ ಉಳಿಸಿಕೊಳ್ಳುವಲ್ಲಿ ಯಂತ್ರದ ಪಾತ್ರ

ಉಪಕರಣ ಹಾರಾಟದ ಅರ್ಹತೆಯನ್ನು ಒಮ್ಮೆ ಗಳಿಸಿದ ಮಾತ್ರಕ್ಕೆ ಕೌಶಲ ಸ್ಥಿರವಾಗಿ ಉಳಿಯುವುದಿಲ್ಲ. ಒಂದು ಉಪಕರಣದಿಂದ ಇನ್ನೊಂದಕ್ಕೆ ಕ್ರಮ ತಪ್ಪದೆ ಕಣ್ಣು ಹಾಯಿಸುವುದು, ಅವು ಹೇಳುವುದನ್ನು ಮನಸ್ಸಿನಲ್ಲಿ ಜೋಡಿಸಿ ವಿಮಾನದ ಸ್ಥಿತಿಯನ್ನು ಗ್ರಹಿಸುವುದು, ಅದೇ ವೇಳೆಗೆ ರೇಡಿಯೋ ಸಂಭಾಷಣೆ ಮತ್ತು ನಕ್ಷೆಗಳನ್ನು ನಿರ್ವಹಿಸುವುದು ಇವೆಲ್ಲ ನಿರಂತರ ಅಭ್ಯಾಸವನ್ನು ಬೇಡುತ್ತವೆ. ಅಭ್ಯಾಸ ತಪ್ಪಿದಾಗ ಕಣ್ಣಿನ ಕ್ರಮ ಮೊದಲು ಸಡಿಲವಾಗುತ್ತದೆ. ಚಾಲಕ ಒಂದೇ ಉಪಕರಣದ ಮೇಲೆ ದೃಷ್ಟಿ ನೆಡುತ್ತಾನೆ, ಉಳಿದವು ಕೈತಪ್ಪುತ್ತವೆ. ಒಳಕಿವಿಯ ಭ್ರಮೆಯಾದರೋ ಅನುಭವಿ ಚಾಲಕನಿಗೂ ತಪ್ಪಿದ್ದಲ್ಲ. ಅದನ್ನು ಕಡೆಗಣಿಸುವ ರೂಢಿಯೇ ಅವನ ರಕ್ಷಣೆ.

ಈ ಕಾರಣದಿಂದ ವಿಮಾನಯಾನ ನಿಯಮಗಳು ಅರ್ಹತೆ ಮತ್ತು ಇತ್ತೀಚಿನ ಅಭ್ಯಾಸ ಇವೆರಡನ್ನೂ ಪ್ರತ್ಯೇಕವಾಗಿ ಪರಿಗಣಿಸುತ್ತವೆ. ಅಮೆರಿಕದಲ್ಲಿ ಉಪಕರಣ ಹಾರಾಟದ ಅರ್ಹತೆಗೆ ಅವಧಿ ಮುಗಿಯುವ ದಿನಾಂಕವಿಲ್ಲ. ಆದರೂ ಅದನ್ನು ಬಳಸಿ ಹಾರಬೇಕಾದ ಚಾಲಕ ಅದರ ಹಿಂದಿನ 6 ತಿಂಗಳಲ್ಲಿ ಕನಿಷ್ಠ 6 ಬಾರಿ ಉಪಕರಣಗಳ ನೆರವಿನಿಂದ ಇಳಿದಾಣವನ್ನು ಸಮೀಪಿಸುವ ಕ್ರಮವನ್ನು ಅಭ್ಯಾಸ ಮಾಡಿರಬೇಕು. ಜೊತೆಗೆ, ನಿಗದಿತ ಸ್ಥಳದಲ್ಲಿ ಸುತ್ತುತ್ತ ಕಾಯುವ ಕ್ರಮವನ್ನೂ ರೇಡಿಯೋ ಅಥವಾ ಉಪಗ್ರಹ ಸಂಕೇತದ ಪಥವನ್ನು ಹಿಡಿದು ಅನುಸರಿಸುವುದನ್ನೂ ಮಾಡಿರಬೇಕು. ಇದನ್ನು ಪೂರೈಸದಿದ್ದಲ್ಲಿ ಅಂತಹ ಹಾರಾಟದ ಹಕ್ಕು ತಾತ್ಕಾಲಿಕವಾಗಿ ನಿಲ್ಲುತ್ತದೆ. ಮುಂದಿನ 6 ತಿಂಗಳೊಳಗೂ ಕೊರತೆಯನ್ನು ತುಂಬಿಕೊಳ್ಳದಿದ್ದರೆ, ಅಧಿಕೃತ ಪರೀಕ್ಷಕ ಅಥವಾ ಬೋಧಕರ ಎದುರು ಸಾಮರ್ಥ್ಯ ಪರೀಕ್ಷೆಯಲ್ಲಿ ಉತ್ತೀರ್ಣನಾಗಬೇಕು. ಯುರೋಪಿನ ನಿಯಮಗಳಲ್ಲಿ ಅರ್ಹತೆಯ ಅವಧಿಯೇ ಒಂದು ವರ್ಷ. ನಂತರ ಅದನ್ನು ಪರೀಕ್ಷೆಯ ಮೂಲಕ ನವೀಕರಿಸಬೇಕು.

ಅಮೆರಿಕದ ನಿಯಮದಂತೆ ಈ ಅಭ್ಯಾಸವನ್ನು ಎರಡು ರೀತಿಯಲ್ಲಿ ಮಾಡಬಹುದು. ವಿಮಾನದಲ್ಲಿ, ಹೊರನೋಟವನ್ನು ಮರೆಮಾಡುವ ಸಾಧನ ಧರಿಸಿ, ಸುತ್ತಮುತ್ತ ಗಮನಿಸಲು ಇನ್ನೊಬ್ಬ ಅರ್ಹ ಚಾಲಕನನ್ನು ಪಕ್ಕದಲ್ಲಿರಿಸಿಕೊಂಡು ಮಾಡಬಹುದು. ಇಲ್ಲವೇ ಮಾನ್ಯತೆ ಪಡೆದ ಸಿಮ್ಯುಲೇಟರ್‌ನಲ್ಲಿ ಮಾಡಬಹುದು. ಎರಡನೆಯದು ಲಿಂಕ್ ಅವರ ಪೆಟ್ಟಿಗೆಯ ನೇರ ವಾರಸು. ಉಪಕರಣ ಕೈಕೊಡುವುದು, ಇಳಿಯುವ ಹಂತದಲ್ಲಿ ರನ್‌ವೇ ಕಾಣದೆ ಮತ್ತೆ ಮೇಲೇರಬೇಕಾಗುವುದು ಮೊದಲಾದ ಸನ್ನಿವೇಶಗಳನ್ನು ಅಲ್ಲಿ ಮತ್ತೆ ಮತ್ತೆ ಸೃಷ್ಟಿಸಬಹುದು. ಆದರೆ ನೆಲದ ಮೇಲಿನ ಯಂತ್ರಕ್ಕೂ ಮಿತಿಯಿದೆ. ನಿಜವಾದ ಮೋಡದೊಳಗಿನ ಕುಲುಕಾಟ, ಆತಂಕ ಮತ್ತು ದೇಹಕ್ಕಾಗುವ ಭ್ರಮೆಗಳು ಅಲ್ಲಿ ಪೂರ್ಣವಾಗಿ ಮರುಕಳಿಸುವುದಿಲ್ಲ. ಕನಿಷ್ಠ ನಿಯಮವನ್ನು ಪೂರೈಸಿದ್ದೇ ಸಿದ್ಧತೆಗೆ ಸಾಕ್ಷಿಯಾಗುವುದೂ ಇಲ್ಲ. ಆದ್ದರಿಂದ ಎರಡೂ ಬಗೆಯ ಅಭ್ಯಾಸವನ್ನು ಬೆರೆಸುವುದು ಒಳ್ಳೆಯ ಕ್ರಮವೆಂದು ಬೋಧಕರು ಪರಿಗಣಿಸುತ್ತಾರೆ.

ಸಮುದ್ರಾನ್ವೇಷಣೆ

1950ರ ದಶಕದಿಂದ ಲಿಂಕ್ ಅವರ ಆಸಕ್ತಿ ಸಮುದ್ರದತ್ತ ಹೊರಳಿತು. ಸೀ ಡೈವರ್ ಎಂಬ ನೌಕೆಯನ್ನು ಕಟ್ಟಿಸಿ, ಭೂಕಂಪದಲ್ಲಿ ಸಮುದ್ರಕ್ಕೆ ಕುಸಿದಿದ್ದ ಜಮೈಕಾದ ಪೋರ್ಟ್ ರಾಯಲ್ ನಗರದ ಅವಶೇಷಗಳನ್ನು 1959ರಲ್ಲಿ ಶೋಧಿಸಿದರು. 1962ರಲ್ಲಿ ಫ್ರಾನ್ಸಿನ ವಿಲ್‌ಫ್ರಾಂಶ್ ಬಳಿ, ತಾವೇ ವಿನ್ಯಾಸಗೊಳಿಸಿದ ಲೋಹದ ಕೋಶದಲ್ಲಿ ಮೊದಲು ತಾವು 60 ಅಡಿ ಆಳದಲ್ಲಿ 8 ಗಂಟೆ ಕಳೆದರು. ನಂತರ ಬೆಲ್ಜಿಯಂನ ರಾಬರ್ಟ್ ಸ್ಟೆನುಯಿ ಅವರು ಅದೇ ಕೋಶದಲ್ಲಿ 200 ಅಡಿ ಆಳದಲ್ಲಿ 24 ಗಂಟೆಗೂ ಹೆಚ್ಚು ಕಾಲ ಉಳಿದರು. 1964ರಲ್ಲಿ ಬಹಾಮಾ ದ್ವೀಪಗಳ ಬಳಿ ಸ್ಟೆನುಯಿ ಮತ್ತು ಜಾನ್ ಲಿಂಡ್‌ಬರ್ಗ್ ಅವರು ಲಿಂಕ್ ರೂಪಿಸಿದ ರಬ್ಬರಿನ ನೀರೊಳಗಿನ ವಸತಿಯಲ್ಲಿ, 432 ಅಡಿ ಆಳದಲ್ಲಿ 49 ಗಂಟೆ ವಾಸಿಸಿದರು.

ನಂತರ ಲಿಂಕ್ ಅವರು ಉದ್ಯಮಿ ಸೀವರ್ಡ್ ಜಾನ್ಸನ್ ಅವರ ಸಹಯೋಗದಲ್ಲಿ ಫ್ಲೋರಿಡಾದಲ್ಲಿ ಕೆಲಸ ಮಾಡಿದರು. 1971ರಲ್ಲಿ ನೀರಿಗಿಳಿದ ಜಾನ್ಸನ್ ಸೀ ಲಿಂಕ್ ಎಂಬ ಸಂಶೋಧನಾ ಜಲಾಂತರ್ಗಾಮಿ ಈ ಸಹಯೋಗದ ಫಲ. ಅದರ ಮುಂಭಾಗ ಪಾರದರ್ಶಕ ಅಕ್ರಿಲಿಕ್ ಗೋಳವಾಗಿತ್ತು. ಹಿಂಭಾಗದ ಅಲ್ಯೂಮಿನಿಯಂ ಕೋಣೆಯಿಂದ ಮುಳುಗುಗಾರರು ಸಮುದ್ರದೊಳಕ್ಕೆ ಹೊರಬರಬಹುದಿತ್ತು.

1973ರ ಅವಘಡ

1973ರ ಜೂನ್ 17ರಂದು ಫ್ಲೋರಿಡಾದ ಕೀ ವೆಸ್ಟ್ ಸಮೀಪ ಈ ಜಲಾಂತರ್ಗಾಮಿ, ಕೃತಕ ಬಂಡೆಯಾಗಲೆಂದು ಮುಳುಗಿಸಲಾಗಿದ್ದ ಹಳೆಯ ಯುದ್ಧನೌಕೆಯೊಂದರ ಅವಶೇಷದಲ್ಲಿ ಸಿಕ್ಕಿಹಾಕಿಕೊಂಡಿತು. ಒಳಗೆ ನಾಲ್ವರಿದ್ದರು. ಅದನ್ನು ಬಿಡಿಸಿ ಮೇಲಕ್ಕೆ ತರುವಷ್ಟರಲ್ಲಿ ಒಂದು ದಿನಕ್ಕೂ ಹೆಚ್ಚು ಕಾಲ ಕಳೆದಿತ್ತು. ಹಿಂಭಾಗದ ಲೋಹದ ಕೋಣೆ ಸಮುದ್ರದ ತಣ್ಪಿಗೆ ಬೇಗನೆ ತಣ್ಣಗಾಗಿ, ಇಂಗಾಲದ ಡೈಆಕ್ಸೈಡನ್ನು ಹೀರಬೇಕಿದ್ದ ರಾಸಾಯನಿಕದ ಸಾಮರ್ಥ್ಯ ಕುಂದಿತು. ಮುಂಭಾಗದ ಗೋಳದಲ್ಲಿದ್ದ ಇಬ್ಬರು ಬದುಕುಳಿದರು. ಹಿಂಭಾಗದಲ್ಲಿದ್ದ ಇಬ್ಬರು ಮೃತಪಟ್ಟರು. ಅವರಲ್ಲೊಬ್ಬರು ಲಿಂಕ್ ಅವರ ಮಗ, 31 ವರ್ಷದ ಕ್ಲೇಟನ್.

ಮಗನನ್ನು ಕಳೆದುಕೊಂಡ ಬಳಿಕ ಲಿಂಕ್ ಅವರು ಇಂತಹ ಸನ್ನಿವೇಶದಲ್ಲಿ ನೆರವಾಗಬಲ್ಲ ಸಾಧನವೊಂದರ ರಚನೆಯಲ್ಲಿ ತೊಡಗಿದರು. ಮೇಲಿನ ನೌಕೆಯಿಂದ ಕೇಬಲ್ ಮೂಲಕ ನಿಯಂತ್ರಿಸಬಹುದಾದ, ಆಳದಲ್ಲಿ ಸಿಲುಕಿದ ಜಲಾಂತರ್ಗಾಮಿಯನ್ನು ಹುಡುಕಿ ಬಿಡಿಸಲು ಉದ್ದೇಶಿಸಿದ ಮಾನವರಹಿತ ಸಾಧನ ಅದು. ದೋಷ ಸರಿಪಡಿಸಿದ ಜಾನ್ಸನ್ ಸೀ ಲಿಂಕ್ ಮಾದರಿಯ ಜಲಾಂತರ್ಗಾಮಿಗಳು ನಂತರ ಹಲವು ದಶಕಗಳ ಕಾಲ ಸಮುದ್ರ ಸಂಶೋಧನೆಯಲ್ಲಿ ಬಳಕೆಯಾದವು.

ನಿಧನ ಮತ್ತು ಗೌರವಗಳು

ಎಡ್ವಿನ್ ಲಿಂಕ್ ಅವರು 1981ರ ಸೆಪ್ಟೆಂಬರ್ 7ರಂದು ಬಿಂಗ್‌ಹ್ಯಾಂಟನ್‌ನಲ್ಲಿ ನಿಧನರಾದರು. ಆಗ ಅವರಿಗೆ 77 ವರ್ಷ. ಹಾರಾಟ ತರಬೇತಿ ಯಂತ್ರದ ಆವಿಷ್ಕಾರಕ್ಕಾಗಿ 1945ರಲ್ಲಿ ಅವರಿಗೆ ಫ್ರಾಂಕ್ಲಿನ್ ಸಂಸ್ಥೆಯ ಹೋವರ್ಡ್ ಪಾಟ್ಸ್ ಪದಕ ದೊರೆತಿತ್ತು. 1976ರಲ್ಲಿ ಅಮೆರಿಕದ ರಾಷ್ಟ್ರೀಯ ವಿಮಾನಯಾನ ಗೌರವ ಪಟ್ಟಿಗೆ, ಮರಣಾನಂತರ 2003ರಲ್ಲಿ ರಾಷ್ಟ್ರೀಯ ಸಂಶೋಧಕರ ಗೌರವ ಪಟ್ಟಿಗೆ ಅವರ ಹೆಸರು ಸೇರಿತು. ಬಿಂಗ್‌ಹ್ಯಾಂಟನ್‌ನ ವಿಮಾನ ನಿಲ್ದಾಣಕ್ಕೆ ಅವರ ಹೆಸರಿಡಲಾಗಿದೆ. ಅವರ ಕಾಗದಪತ್ರಗಳು ಬಿಂಗ್‌ಹ್ಯಾಂಟನ್ ವಿಶ್ವವಿದ್ಯಾಲಯದ ಸಂಗ್ರಹದಲ್ಲಿವೆ. ಉಳಿದುಬಂದಿರುವ ನೀಲಿ ಪೆಟ್ಟಿಗೆಗಳನ್ನು ಹಲವು ದೇಶಗಳ ವಿಮಾನ ವಸ್ತುಸಂಗ್ರಹಾಲಯಗಳಲ್ಲಿ ಕಾಣಬಹುದು.